ಎರೆಹೊಲಕ್ಕೊಂದು ಜೀಪು

ದೇವಕ್ಕ ಜೀಪು ಕೊಳ್ಳುತ್ತಾಳಂತೆ ಎಂಬ ಸುದ್ದಿ ಲಗ್ಗೆರೆಯ ಆ ವಠಾರದಲ್ಲಿ ನಲ್ಲಿ ನೀರಿಗಿಂತ ಬೇಗ ಹರಿಯಿತು. ಊರ ಬಾಯಿಗೆ ಬೀಗ ಹಾಕಲು ಯಾರಿಂದಾಗುತ್ತದೆ? ಹೆಂಗಸಿಗೇಕೆ ಜೀಪು ಎಂದರು ಕೆಲವರು. ಚಿಕ್ಕದೊಂದು ಕಾರು ಕೊಂಡು ಬಾಡಿಗೆಗೆ ಬಿಡಬಾರದೇ ಎಂದರು ಇನ್ನು ಕೆಲವರು. ಎದುರು ಮನೆಯ ಬಸಮ್ಮನಂತೂ, ಗಂಡ ಸತ್ತ ಒಂಬತ್ತು ವರ್ಷಕ್ಕೆ ಇವಳಿಗೆ ತಲೆ ಕೆಟ್ಟಿತು ಎಂದು ಎಲ್ಲರಿಗೂ ಕೇಳುವಂತೆಯೇ ಹೇಳಿದಳು. ದೇವಕ್ಕ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಅವಳು ಉತ್ತರ ಕೊಡಬೇಕಾಗಿದ್ದದ್ದು ಒಬ್ಬನಿಗೇ. ಅವನಿದ್ದದ್ದು ಶಹಾಪುರದ ಕಡೆಯ ಅವಳ ತವರೂರಿನಲ್ಲಿ.

ಅವನು ಅವಳ ಅಣ್ಣ ಸಂಗಣ್ಣ. ಅಪ್ಪ ಸಾಯುವ ಮೊದಲು ನಾಲ್ಕು ಎಕರೆ ಎರೆಹೊಲವನ್ನೂ ಅದರ ನಡುವಿನ ಕಲ್ಲಿನ ಮನೆಯನ್ನೂ ಮಗಳ ಹೆಸರಿಗೆ ಬರೆದಿದ್ದ. ಹತ್ತೊಂಬತ್ತು ವರ್ಷದಿಂದ ಅದನ್ನು ಉಳುತ್ತಿದ್ದವನು, ಬೆಳೆದು ತಿನ್ನುತ್ತಿದ್ದವನು ಸಂಗಣ್ಣ. ಇನ್ನು ಊರಿಗೆ ಬಂದು ನಾನೇ ಹೊಲ ನೋಡಿಕೊಳ್ಳುತ್ತೇನೆ ಎಂದು ತಂಗಿ ಹೇಳಿದಾಗ ಅವನು ಇಲ್ಲವೆನ್ನಲಿಲ್ಲ. ಇಲ್ಲವೆನ್ನಲು ಕಾಗದಪತ್ರ ಬಿಡಬೇಕಲ್ಲ! ಊರ ಹಿರಿಯರನ್ನು ಕೂಡಿಸಿ, ಬಹಳ ಕನಿಕರದಿಂದ, ಮಳೆಗಾಲದಲ್ಲಿ ಆ ಅಂಟು ಎರೆಮಣ್ಣಿನೊಳಗೆ ಮೂರು ಕಿಲೋಮೀಟರ್ ಯಾವ ಗಾಡಿಯೂ ಹೋಗುವುದಿಲ್ಲ, ಒಂಟಿ ಹೆಂಗಸು ಜ್ವರ ಬಂದು ಬಿದ್ದರೆ ಹೊತ್ತು ತರುವವರು ಯಾರು ಎಂದು ಕೇಳಿದ. ಹಿರಿಯರಿಗೂ ಅದು ಸರಿ ಎನಿಸಿತು. ಕಾರಹುಣ್ಣಿಮೆಯ ದಿನ ಯಾರೂ ನೂಕದೆ, ಎಳೆಯದೆ, ತನ್ನ ಗಾಡಿಯಲ್ಲಿ ತಾನೇ ಹೊಲದ ಮನೆ ಮುಟ್ಟಿದರೆ ಕೀಲಿಕೈ ದೇವಕ್ಕನಿಗೆ, ಇಲ್ಲದಿದ್ದರೆ ಹೊಲ ಸಂಗಣ್ಣನ ಪಾಲಿಗೇ. ನಾಲ್ಕು ಮಂದಿಯ ಮುಂದೆ ಮಾತಾಯಿತು. ದೇವಕ್ಕ ಆಗಲಿ ಎಂದಳು.

ಸಂಗಣ್ಣನಿಗೆ ಗೊತ್ತಿರದ ಸಂಗತಿಯೊಂದಿತ್ತು. ಪೀಣ್ಯದ ಗೇರ್‌ಬಾಕ್ಸ್ ಕಾರ್ಖಾನೆಯೊಂದರಲ್ಲಿ ಅವನ ತಂಗಿ ಕಸ ಗುಡಿಸುತ್ತಾಳೆಂದು ಅವನು ತಿಳಿದಿದ್ದ. ಮೊದಲ ಎರಡು ವರ್ಷ ಗುಡಿಸಿದ್ದೂ ನಿಜ. ಆಮೇಲಿನ ಹದಿನೇಳು ವರ್ಷ, ಹೊರಗೆ ಹೋಗುವ ಪ್ರತಿ ಗೇರ್‌ಬಾಕ್ಸನ್ನೂ ಕೊನೆಗೆ ಪರೀಕ್ಷಿಸಿ ಕಳಿಸುತ್ತಿದ್ದವಳು ಅವಳೇ. ಅದರ ಎರಡು ತುದಿಯ ತಿರುಗುವ ದಂಡಗಳಿಗೂ ಸೀಮೆಸುಣ್ಣದಿಂದ ಗೆರೆ ಎಳೆಯುವುದು, ಈ ತುದಿ ತಿರುಗಿಸಿದರೆ ಆ ತುದಿಯ ಗೆರೆ ಎಷ್ಟು ಸರಿಯಿತು ಎಂದು ನೋಡುವುದು. ಬಾಯಿ ಸುಳ್ಳಾಡಬಹುದು, ಬಣ್ಣ ಸುಳ್ಳಾಡಬಹುದು, ಗೆರೆ ಸುಳ್ಳಾಡುವುದಿಲ್ಲ. ಡ್ರೈವರ್ ಬಾರದ ದಿನ ಕಾರ್ಖಾನೆಯ ಸಾಮಾನಿನ ಟೆಂಪೋವನ್ನೂ ಅವಳೇ ಓಡಿಸುತ್ತಿದ್ದಳು.

ತುಮಕೂರು ರಸ್ತೆಯ ಪಕ್ಕದ ಸೆಕೆಂಡ್ ಹ್ಯಾಂಡ್ ಗಾಡಿಗಳ ಅಂಗಳಕ್ಕೆ ಅವಳು ಮೊದಲು ಒಬ್ಬಳೇ ಹೋಗಿದ್ದಳು. ಯಜಮಾನ್ರು ಬರಲಿಲ್ವಾ ಅಕ್ಕ ಎಂದು ಕೇಳಿ, ಕಾಫಿ ಕೊಟ್ಟು, ಮರ್ಯಾದೆಯಾಗಿ ಕಳಿಸಿಬಿಟ್ಟರು. ಅದಕ್ಕೇ ಎರಡನೆಯ ಸಲ, ಬೆಳಗಿನ ಹತ್ತು ಗಂಟೆಗೆ, ವಠಾರದ ಮಾಲೀಕ ಆಂಜಿನಪ್ಪನನ್ನು ಕರೆದುಕೊಂಡು ಹೋದಳು. ಎಪ್ಪತ್ತು ದಾಟಿದ ಆಂಜಿನಪ್ಪ ಲಗ್ಗೆರೆಯ ಮೂಲ ಒಕ್ಕಲಿಗ. ಅವನ ರಾಗಿ ಹೊಲದಲ್ಲಿ ಈಗ ಬೆಳೆಯುವುದು ಬಾಡಿಗೆ ಮನೆಗಳು ಮಾತ್ರ. ಎತ್ತು ಕಟ್ಟಿದ ಕಾಲ ಮುಗಿದು ಮೂವತ್ತು ವರ್ಷವಾದರೂ ಹೆಗಲ ಮೇಲಿನ ಟವೆಲ್ ಮಾತ್ರ ಇಳಿದಿರಲಿಲ್ಲ.

ಅಂಗಳದ ಒಡೆಯ ಹರ್ಷವರ್ಧನ್ ಆಂಜಿನಪ್ಪನನ್ನು ಕಂಡೊಡನೆ ಅರಳಿದ. ಕೊಳ್ಳುವವಳು ದೇವಕ್ಕ ಎಂದು ಎರಡು ಸಲ ಹೇಳಿದರೂ ಅವನ ಮುಖ ಮುದುಕನ ಕಡೆಯಿಂದ ತಿರುಗಲಿಲ್ಲ. ಕಪ್ಪು ಬಣ್ಣದ ಜೀಪೊಂದನ್ನು ತೋರಿಸಿದ. ದಪ್ಪ ಟೈರು, ತಲೆಯ ಮೇಲೆ ಸಾಲು ದೀಪ, ಒಳಗೆ ಹಾಡು. ಚಿಕ್ಕ ಲಿವರೊಂದನ್ನು ಎಳೆದು, ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುತ್ತದೆ ಸಾರ್, ಫೋರ್ ವೀಲ್ ಡ್ರೈವ್ ಅಂದ್ರೆ ಇದೇ ಎಂದ. ಹಸಿರು ದೀಪವೊಂದು ಹೊತ್ತಿಕೊಂಡಿತು. ಆಂಜಿನಪ್ಪ ಜೀಪನ್ನು ಎರಡು ಸುತ್ತು ಬಂದು, ಎತ್ತಿನ ಬೆನ್ನು ಚಪ್ಪರಿಸುವ ಹಾಗೆ ಬಾನೆಟ್ಟು ಚಪ್ಪರಿಸಿದ. ಜೀಪಿಗೆ ಸುಳಿ ಇದ್ದಿದ್ದರೆ ಅದನ್ನೂ ನೋಡಿಬಿಡುತ್ತಿದ್ದ.

ದೇವಕ್ಕ ಉಳಿದ ಗಾಡಿಗಳನ್ನು ನೋಡಿಕೊಂಡು ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಹರ್ಷವರ್ಧನನ ತಾತ ದನದ ದಲ್ಲಾಳಿ. ಸುತ್ತ ನಿಂತ ಗಿರಾಕಿಗಳಿಗೆ ಬೆಲೆ ತಿಳಿಯದ ಹಾಗೆ, ದನದ ಸಂತೆಯಲ್ಲಿ ಮಾಡುವಂತೆ, ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಕುದುರಿಸುವ ಪದ್ಧತಿಯನ್ನು ಮೊಮ್ಮಗ ಈ ಅಂಗಳದಲ್ಲೂ ಇಟ್ಟುಕೊಂಡಿದ್ದ. ಹಳೆಯ ಆಟ ಸಿಕ್ಕಿದ್ದೇ ಆಂಜಿನಪ್ಪನಿಗೆ ಹುರುಪು ಬಂದು, ಟವೆಲ್ ಹಾಸಿ ಕೈ ಒಳಗಿಟ್ಟಿದ್ದ. ಬೆರಳು ಒತ್ತಿ ಕೈ ಬಿಟ್ಟರೆ ಮುಗಿಯಿತು, ಆಮೇಲೆ ಹಿಂದೆ ಸರಿಯುವಂತಿಲ್ಲ.

"ಮುಗೀತು ಕಣಮ್ಮ," ಎಂದ ಆಂಜಿನಪ್ಪ. "ಒಳ್ಳೇ ರೇಟ್ಗೆ ಕೈ ಕೊಟ್ಟಿವ್ನಿ."

ದೇವಕ್ಕ ಚೀಲದಿಂದ ಸೀಮೆಸುಣ್ಣ ತೆಗೆದು, ಒಂದು ಜಾಕ್ ಕೊಡಿ ಎಂದು ಕೇಳಿದಳು. ಕೈ ಕೊಟ್ಟ ಮೇಲೆ ಗಾಡಿ ನೋಡುವ ಪದ್ಧತಿ ನಮ್ಮಲ್ಲಿಲ್ಲ ಅಕ್ಕ ಎಂದು ಹರ್ಷವರ್ಧನ್ ನಕ್ಕ. ಅವಳು ಪಕ್ಕದ ಶೆಡ್ಡಿಗೆ ಹೋಗಿ ಜಾಕನ್ನು ತಾನೇ ಹೊತ್ತು ತಂದಳು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಣ್ಣಿನಲ್ಲಿ ಮಂಡಿಯೂರಿ, ಮುಂದಿನ ಒಂದು ಚಕ್ರವನ್ನು ನೆಲದಿಂದ ನಾಲ್ಕು ಬೆರಳು ಎತ್ತಿದಳು. ಟೈರಿನ ಮೇಲೆ ನೆತ್ತಿಯಲ್ಲಿ ಒಂದು ಗೆರೆ ಎಳೆದಳು. ಅಂಗಳದಲ್ಲಿದ್ದ ಗಿರಾಕಿಗಳೆಲ್ಲ ಸುತ್ತ ನೆರೆದರು.

ಲೆಕ್ಕ ಸುಲಭದ್ದು. ಎಂಜಿನ್ ನಿಲ್ಲಿಸಿ, ಗೇರಿಗೆ ಹಾಕಿ, ಚಿಕ್ಕ ಲಿವರನ್ನೂ ಎಳೆದರೆ ನಾಲ್ಕು ಚಕ್ರವೂ ಒಂದಕ್ಕೊಂದು ಕಟ್ಟುಬೀಳಬೇಕು. ನೆಲದ ಮೇಲಿನ ಮೂರು ಅಲುಗಾಡದಿರುವಾಗ ಎತ್ತಿದ ನಾಲ್ಕನೆಯದನ್ನು ಭೀಮನೂ ಕೈಯಿಂದ ತಿರುಗಿಸಲಾರ. ದೇವಕ್ಕ ಲಿವರ್ ಎಳೆದಳು. ಹಸಿರು ದೀಪ ಚೆನ್ನಾಗಿಯೇ ಹೊತ್ತಿತು. ಕೆಳಗಿಳಿದು ಬಂದು ಒಂದೇ ಕೈಯಿಂದ ಟೈರನ್ನು ತಳ್ಳಿದಳು. ಚಕ್ರ ಗರಗರ ತಿರುಗಿತು. ಬಿಳಿ ಗೆರೆ ಕೆಳಗೆ ಹೋಯಿತು, ಮೇಲೆ ಬಂತು, ಮತ್ತೆ ಕೆಳಗೆ ಹೋಯಿತು. ಮೇಲೆ ಥಳಕು, ಒಳಗೆ ಹುಳುಕು ಎಂದು ಯಾರೋ ಹಿಂದಿನಿಂದ ಹೇಳಿದರು.

ಚಿಕ್ಕ ದೋಷವಿರಬೇಕು, ನಾಳೆಯೇ ಸರಿಮಾಡಿಸಿಕೊಡುತ್ತೇನೆ ಎಂದು ಹರ್ಷವರ್ಧನ್ ಮತ್ತೆ ಆಂಜಿನಪ್ಪನಿಗೇ ಹೇಳಿದ. ಆಂಜಿನಪ್ಪನ ಮುಖ ಬಾಡಿತು. ಮೋಸ ಹೋದದ್ದಕ್ಕಿಂತ ಮಾತು ಹೋಗುವುದು ಅವನಿಗೆ ದೊಡ್ಡದಾಗಿತ್ತು.

"ಎಪ್ಪತ್ತು ವರ್ಸದಾಗೆ ಕೈ ಕೊಟ್ಟು ತಪ್ಪಿಲ್ಲ ಕಣಮ್ಮ," ಎಂದ. "ಇಂಗೆ ಎಲ್ಲಾರ ಮುಂದೆ ನನ್ ಮಾತು ಏನಾಗ್ಬೇಕು?"

ದೇವಕ್ಕನಿಗೆ ಮುದುಕನ ಮೇಲೆ ಮರುಕ ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ತನ್ನ ಹೊಲದ ಭವಿಷ್ಯವನ್ನು ಊರಿನಲ್ಲೂ ಗಂಡಸರು ಕೂತು ತೀರ್ಮಾನಿಸಿದ್ದರು, ಇಲ್ಲೂ ಗಂಡಸರೇ ತೀರ್ಮಾನಿಸುತ್ತಿದ್ದರು.

"ಯಜಮಾನ್ರ, ನಿಮ್ಮ ಮಾತಿಗೆ ನನ್ನ ಮರ್ಯಾದಿ ಅದ," ಎಂದಳು. "ಆದ್ರ ಆ ಟವೆಲ್ಲಿನೊಳಗ ನನ್ನ ಕೈ ಇದ್ದಿಲ್ಲ. ನಾಳೆ ಎರಿಹೊಲದಾಗ ಗಾಡಿ ಸಿಕ್ಕೊಂಡ್ರ ನೂಕಾಕ ನಿಮ್ಮ ಕೈನೂ ಬರಂಗಿಲ್ಲ, ಇವರ ಕೈನೂ ಬರಂಗಿಲ್ಲ."

ಅವಳು ಜಾಕ್ ಎತ್ತಿಕೊಂಡು ಮುಂದಿನ ಜೀಪಿಗೆ ನಡೆದಳು. ಅದರ ಚಕ್ರ ಅರ್ಧ ಸುತ್ತು ತಿರುಗಿ ನಿಂತಿತು. ಅದೂ ಬೇಡ. ಇನ್ನೊಂದರ ಚಕ್ರ ಬಿಗಿಯಾಗಿತ್ತು, ಆದರೆ ಕೆಳಗೆ ಎಣ್ಣೆ ಮಡುಗಟ್ಟಿತ್ತು. ಬೇಡ. ಮೂಲೆಯಲ್ಲಿ, ಹುಣಸೆ ಮರದಡಿ, ಕಲ್ಲು ಕ್ವಾರಿಯಲ್ಲಿ ದುಡಿದು ಬಂದ ಹಳೆಯ ಜೀಪೊಂದಿತ್ತು. ಬಣ್ಣ ಯಾವುದೆಂದು ಹೇಳುವ ಹಾಗಿರಲಿಲ್ಲ, ಬಾಗಿಲೊಂದನ್ನು ತಂತಿಯಿಂದ ಕಟ್ಟಿದ್ದರು. ಲೇಡೀಸ್‌ಗೆ ಇದು ಆಗಲ್ಲ, ಸ್ಟೇರಿಂಗ್ ಕಲ್ಲಿದ್ದ ಹಾಗಿದೆ ಎಂದು ಹರ್ಷವರ್ಧನ್ ಅಡ್ಡ ಬಂದ. ದೇವಕ್ಕ ಅವನ ಪಕ್ಕದಿಂದ ದಾಟಿ ಹೋಗಿ ಚಕ್ರ ಎತ್ತಿ ಗೆರೆ ಎಳೆದಳು. ಲಿವರ್ ಹಾಕಿ ತಳ್ಳಿದಳು. ಗೆರೆ ಕದಲಲಿಲ್ಲ. ಎರಡೂ ಕೈಯಿಂದ ತಳ್ಳಿದಳು. ಆಂಜಿನಪ್ಪ ಬಂದು ತಾನೂ ಟೈರಿಗೆ ಕೈ ಹಾಕಿ, ಹಲ್ಲು ಕಚ್ಚಿ ಎಳೆದ. ಗೆರೆ ಎಳೆದಲ್ಲೇ ಇತ್ತು. ದೇವಕ್ಕ ಅದನ್ನು ಅಂಗಳದಲ್ಲಿ ಮೂರು ಸುತ್ತು ಓಡಿಸಿದಳು. ಸ್ಟೇರಿಂಗ್ ಕಲ್ಲಿನಂತಿದ್ದದ್ದು ನಿಜವೇ, ರಟ್ಟೆ ನೋಯಿತು. ಆದರೂ ಇಳಿಯುವಾಗ ಅವಳಿಗೆ ಮನಸ್ಸು ತುಂಬಿತ್ತು.

ಆಂಜಿನಪ್ಪ ಹೆಗಲಿನಿಂದ ಟವೆಲ್ ತೆಗೆದು, ಕೊಡವಿ, ಹರ್ಷವರ್ಧನನ ಕೈಮೇಲೆ ಹಾಸಿದ.

"ಬಾರಮ್ಮ," ಎಂದ. "ಈ ಸಲ ನಿನ್ ಕೈ ಮಡಗು."

ಹರ್ಷವರ್ಧನ್ ತಬ್ಬಿಬ್ಬಾದ. ಟವೆಲ್ಲಿನಡಿ ಹೆಂಗಸಿನ ಕೈ ಹಿಡಿದದ್ದನ್ನು ಅವನೂ ಕಂಡಿರಲಿಲ್ಲ, ಅವನ ತಾತನೂ ಕಂಡಿರಲಿಕ್ಕಿಲ್ಲ. ಅವನು ಕೈ ಹಿಂದೆಗೆಯುವಷ್ಟರಲ್ಲಿ ದೇವಕ್ಕ ಗ್ರೀಸು ಮೆತ್ತಿದ ಕೈಯನ್ನು ಒಳಗೆ ಹಾಕಿ ಬೆರಳು ಹಿಡಿದಾಗಿತ್ತು. ಅವನು ಒಂದು ಬೆಲೆ ಒತ್ತಿದ. ಅವಳು ಅದನ್ನು ತಳ್ಳಿ ತನ್ನದನ್ನು ಒತ್ತಿದಳು, ಕೈ ಬಿಡಲಿಲ್ಲ. ಸುತ್ತಲಿನ ಗಿರಾಕಿಗಳು ಅವನ ಮುಖವನ್ನೇ ನೋಡುತ್ತಿದ್ದರು. ಕಪ್ಪು ಜೀಪಿನ ಚಕ್ರ ಇನ್ನೂ ಅವರ ಕಣ್ಣಲ್ಲಿ ತಿರುಗುತ್ತಿರಬೇಕು. ಅವನು ಕೊನೆಗೆ, ಮೊದಲ ವ್ಯಾಪಾರದ ಮಾತೆತ್ತದೆ, ಅವಳ ಬೆಲೆಗೆ ಒಪ್ಪಿ ತಲೆ ಆಡಿಸಿದ.

ಕಾರಹುಣ್ಣಿಮೆಯ ಹೊತ್ತಿಗೆ ಊರಲ್ಲಿ ಮೂರು ದಿನ ಬಿಡದೆ ಮಳೆ ಹುಯ್ದಿತ್ತು. ದೇವಕ್ಕ ಲಗ್ಗೆರೆಯ ಪಾತ್ರೆ, ಹಾಸಿಗೆಗಳನ್ನೆಲ್ಲ ಹೇರಿಕೊಂಡು ಬಂದಾಗ, ಡಾಂಬರು ಮುಗಿದು ಎರೆಮಣ್ಣು ಶುರುವಾಗುವಲ್ಲಿ ಹಿರಿಯರು ಕೊಡೆ ಹಿಡಿದು ನಿಂತಿದ್ದರು. ಸಂಗಣ್ಣ ಹೆಗಲಿಗೆ ದಪ್ಪನೆಯ ಹಗ್ಗದ ಸುರುಳಿ ಹಾಕಿಕೊಂಡಿದ್ದ. ತಂಗಿ ಸಿಕ್ಕಿಕೊಂಡರೆ ಎಳೆಯಬೇಕಲ್ಲ ಎಂದು ನಗುತ್ತಿದ್ದ. ತಂತಿ ಕಟ್ಟಿದ ಬಾಗಿಲನ್ನು ನೋಡಿ ಅವನ ನಗು ಇನ್ನಷ್ಟು ಅಗಲವಾಯಿತು.

ದೇವಕ್ಕ ಲಿವರ್ ಎಳೆದು ಜೀಪನ್ನು ಕೆಸರಿಗಿಳಿಸಿದಳು. ಮೊದಲ ತಿರುವಿನಲ್ಲೇ ಹಿಂಭಾಗ ಜಾರಿ ಗಾಡಿ ಅಡ್ಡಡ್ಡ ನಿಂತ ಹಾಗಾಯಿತು. ಹಿಂದಿನಿಂದ ಅಣ್ಣ ನಿಲ್ಲಿಸು, ನಿಲ್ಲಿಸು ಎಂದು ಕೂಗುತ್ತಿದ್ದ. ಎರೆಮಣ್ಣಿನಲ್ಲಿ ನಿಲ್ಲಿಸಿದವರು ಅಲ್ಲೇ ಉಳಿಯುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವಳು ಎಕ್ಸಲರೇಟರಿನಿಂದ ಕಾಲು ತೆಗೆಯಲಿಲ್ಲ. ಮುಂದಿನ ಚಕ್ರಗಳು ಮಣ್ಣನ್ನು ಅಗೆದು ಕಚ್ಚಿಕೊಂಡು ಎಳೆದವು. ಮೂರು ಕಿಲೋಮೀಟರ್ ಎಲ್ಲೂ ನಿಲ್ಲದೆ ಹೋಗಿ, ಕಲ್ಲಿನ ಮನೆಯ ಕಟ್ಟೆಗೆ ಮೂತಿ ತಾಗಿಸಿಯೇ ಅವಳು ಬ್ರೇಕ್ ಒತ್ತಿದ್ದು.

ಸಂಗಣ್ಣ ನಡೆದು ಬರಲು ಒಂದು ತಾಸು ಹಿಡಿಯಿತು. ಒಂದು ಚಪ್ಪಲಿಯನ್ನು ಕೆಸರು ನುಂಗಿತ್ತು, ಎರಡೂ ಕಾಲಿಗೆ ಮಣಭಾರ ಮಣ್ಣು ಮೆತ್ತಿತ್ತು. ಸೊಂಟದಿಂದ ಕೀಲಿಕೈ ಬಿಚ್ಚಿ ಕಟ್ಟೆಯ ಮೇಲಿಟ್ಟ. ಮತ್ತೆ ಮಳೆ ಹನಿಯತೊಡಗಿತು. ಅವನು ದಾರಿಯನ್ನೊಮ್ಮೆ, ಜೀಪನ್ನೊಮ್ಮೆ ನೋಡಿದ.

"ಕಾಲು ತೊಳ್ಕೊಂಡು ಹಿಂದ ಕೂಡಣ್ಣಾ, ರೋಡಿಗೆ ಬಿಡ್ತೀನಿ," ಎಂದಳು ದೇವಕ್ಕ, ಬೀಗ ತೆಗೆಯುತ್ತ. "ಆ ಹಗ್ಗ ಇಲ್ಲೇ ಬಿಟ್ಟು ಹೋಗು. ನನಗ ಅರಿವಿ ಒಣಗ್ಸಾಕ ಬೇಕಾಗ್ತದ."