ಕಡವಿನಲ್ಲಿ ಕೂತ ಹುಡುಗ

"ಇವತ್ತೂ ಆ ಹುಡುಗ ಕಡವಿನಲ್ಲೇ ಕೂತಿದ್ದಾನಾ?" ಕತ್ತರಿ ನಿಲ್ಲಿಸದೆಯೇ ಅಂಬು ಕೇಳಿದ.

ಪವಿತ್ರನ್ ಹಾಳೆಯಿಂದ ತಲೆ ಎತ್ತಿದ. ಮೊರವನ್ನು ಮಡಿಲಲ್ಲಿಟ್ಟುಕೊಂಡು ಎದುರುಬದುರು ಕೂತು ಬೀಡಿ ಕಟ್ಟುತ್ತಿದ್ದವರಲ್ಲಿ ಯಾರೂ ಅವನ ಮುಖ ನೋಡಲಿಲ್ಲ. ಒಂದು ಸಣ್ಣ ನಗು ಮಾತ್ರ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿಬಂತು.

"ಕೂತಿದ್ದಾನೆ ಅಂಬುವೇಟ್ಟ," ಎಂದ. ಶೆಡ್ಡಿನ ಹಿರಿಯನನ್ನು ಎಲ್ಲರೂ ಹಾಗೆ ಅಣ್ಣನ ಲೆಕ್ಕದಲ್ಲೇ ಕರೆಯುವುದು.

"ಹೊಟ್ಟೆಗೆ?"

"ಎಂತ?"

"ಹೊಟ್ಟೆಗೆ ಎಂತ ಹಾಕಿದಿ ಅಂತ ಕೇಳಿದ್ದು. ಅವನನ್ನು ಅಲ್ಲಿ ಕೂರಿಸಿ ಮೂರು ಓಣಂ ಕಳೀತು. ಒಂದು ಹನಿ ಗಂಜಿ ಕಂಡಿಲ್ಲ ಪಾಪದ್ದು. ತಾಯಿಯನ್ನು ನಿನಗೆ ತರ್ಲಿಕ್ಕೆ ಆದಾಗ ತಾ ಮಾರಾಯ, ಅಲ್ಲಿವರೆಗೆ ಮಗುವನ್ನು ಉಪವಾಸ ಕೆಡವ್ಬೇಡ."

"ಕಾದಂಬರಿಯಲ್ಲಿ ಯಾರೂ ಉಣ್ಣುದಿಲ್ಲ ಅಂಬುವೇಟ್ಟ," ಎಂದ ಎದುರು ಸಾಲಿನ ನಾಣು. ಅವನ ನಾಲಿಗೆ ಅವನ ಕತ್ತರಿಗಿಂತ ಹರಿತ. "ಬರೆಯುವವ ಉಂಡರೆ ಸಾಕು. ಅವನಿಗೆ ಹೇಗೂ ನಾವು ಹಾಕ್ತೇವಲ್ಲ."

ಈ ಸಲ ನಗು ದೊಡ್ಡದಾಗಿಯೇ ಬಂತು. ಪವಿತ್ರನ್ ಕೂಡ ನಕ್ಕ. ನಗದೆ ಏನು ಮಾಡುವುದು, ಮಾತು ಸುಳ್ಳಾಗಿರಲಿಲ್ಲ. ಕಣ್ಣೂರಿನ ಬೀಡಿ ಶೆಡ್ಡುಗಳಲ್ಲಿ ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿ ಅದು: ಒಬ್ಬ ಓದಬೇಕು, ಉಳಿದವರು ಕೇಳುತ್ತ ಕಟ್ಟಬೇಕು, ಓದಿದವನ ಪಾಲಿನ ಬೀಡಿಯನ್ನೂ ಕೇಳಿದವರೇ ಕಟ್ಟಿಕೊಡಬೇಕು. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನದ ಮೇಲೆ ಕತೆ. ಪವಿತ್ರನ್ ಇಲ್ಲಿಗೆ ಬಂದದ್ದು ಬೀಡಿ ಕಟ್ಟಲಿಕ್ಕೇ. ಸ್ವರ ಚೆನ್ನಾಗಿದೆಯೆಂದು ಓದಲು ಕೂರಿಸಿದರು. ಗ್ರಂಥಾಲಯದ ಕಪಾಟು ಖಾಲಿಯಾಗುತ್ತ ಬಂದಾಗ ಒಂದು ದಿನ ಅವನು ತಾನೇ ಬರೆದ ನಾಲ್ಕು ಹಾಳೆಗಳನ್ನು ಯಾರದ್ದೆಂದು ಹೇಳದೆ ಓದಿದ. ಓದಿ ಮುಗಿದ ಮೇಲೆ ವಿಷಯ ಗೊತ್ತಾಗಿ ಶೆಡ್ಡಿಗೆ ಶೆಡ್ಡೇ ಹಿಗ್ಗಿಹೋಯಿತು. ಅಂದಿನಿಂದ ಓದುವ ಹೊತ್ತಿನ ಬೀಡಿಯ ಜೊತೆಗೆ ಬರೆಯುವ ಹೊತ್ತಿನ ಬೀಡಿಯನ್ನೂ ಅವರೇ ಕಟ್ಟಿದರು. ಅವನು ಬೀಡಿ ಎಲೆ ಮುಟ್ಟದೆ ವರ್ಷಗಳೇ ಆಗಿದ್ದವು.

ಆ ನಾಲ್ಕು ಹಾಳೆ ಬೆಳೆದು ಹೊರೆಯಾಗಿತ್ತು. ಹೊಳೆ ದಾಟುವ ಕಡವು, ಅಲ್ಲೊಬ್ಬ ದೋಣಿಯವನು, ತಾಯಿ ಆಚೆ ದಡಕ್ಕೆ ದಾಟಿಹೋದಳೆಂದು ಅಳುವ ಒಬ್ಬ ಹುಡುಗ. ಅಳು ನಿಲ್ಲಿಸಲು ದೋಣಿಯವನು, "ಮುಂದಿನ ದೋಣಿಗೆ ಬರ್ತಾಳೆ" ಎಂದು ಬಾಯಿಗೆ ಬಂದ ಸುಳ್ಳೊಂದನ್ನು ಹೇಳಿಬಿಡುತ್ತಾನೆ. ಹುಡುಗ ನಂಬಿ ಕೂತುಬಿಡುತ್ತಾನೆ. ಅಲ್ಲಿಂದ ಮುಂದೆ ಪವಿತ್ರನ್ ದೋಣಿಯವನ ಹೆಂಡತಿಯ ಬಗ್ಗೆ ಬರೆದ, ಊರಿನ ಜಗಳಗಳ ಬಗ್ಗೆ, ಒಂದು ಮುಷ್ಕರದ ಬಗ್ಗೆ ಬರೆದ. ಹುಡುಗನ ಹತ್ತಿರ ಬಂದಾಗಲೆಲ್ಲ ಅವನ ಪೆನ್ನು ಕುಂಟುತ್ತಿತ್ತು. ಬರೆದ ಅಧ್ಯಾಯವನ್ನೇ ತಿದ್ದಿ ತಿದ್ದಿ ಮತ್ತೆ ತಂದು ಓದುತ್ತಿದ್ದ. ಕೇಳುವವರಿಗೆ ಅಧ್ಯಾಯ ಬಾಯಿಪಾಠವಾಗಿತ್ತು.

"ಗೋವಿಂದನ ಮಗಳು ಮದುವೆಯಾಗಿ ಎರಡು ಹೆತ್ತಳು," ಎನ್ನುತ್ತಿದ್ದ ನಾಣು, ಪಕ್ಕದಲ್ಲಿ ಬೀಡಿ ಕಟ್ಟುವ ಗೋವಿಂದನನ್ನು ತೋರಿಸಿ. "ನಿನ್ನ ಹುಡುಗನ ತಾಯಿ ಇನ್ನೂ ದೋಣಿ ಹತ್ತಲಿಲ್ಲ. ತಾಳಿದವ ಬಾಳಿಯಾನು ಅಂತಾರೆ. ನಮ್ಮಲ್ಲಿ ತಾಳಿದವರೆಲ್ಲ ಸತ್ತೇಹೋದ್ರು."

ಅದು ಬರೀ ತಮಾಷೆಯಾಗಿರಲಿಲ್ಲ. ಒಂದು ಕಾಲದಲ್ಲಿ ಕೂರಲು ಜಾಗ ಸಾಲದ ಶೆಡ್ಡಿನಲ್ಲಿ ಈಗ ಚಾಪೆ ಬಿಚ್ಚದ ಮೂಲೆಗಳೇ ಹೆಚ್ಚು. ಬೀಡಿ ಸೇದುವವರು ಕಡಿಮೆಯಾದರು, ಕಟ್ಟುವವರು ಕೆಮ್ಮಿ ಕೆಮ್ಮಿ ಮನೆ ಸೇರಿದರು. ಉಳಿದವರ ತಲೆಗೆ ಪವಿತ್ರನ್‌ನ ಪಾಲು ಮೊದಲಿಗಿಂತ ಭಾರವಾಗಿಯೇ ಬೀಳುತ್ತಿತ್ತು. ಆದರೂ ಯಾರೂ ಸಾಕು ಎನ್ನಲಿಲ್ಲ.

ತನ್ನ ಬರವಣಿಗೆ ಹೇಗಿದೆಯೆಂದು ಪವಿತ್ರನ್ ಯಾರನ್ನೂ ಕೇಳುತ್ತಿರಲಿಲ್ಲ. ಕತ್ತರಿಗಳ ಸದ್ದು ಕೇಳಿದರೆ ಸಾಕಿತ್ತು. ಓದಿದ್ದು ಎದೆಗೆ ತಾಗಿದರೆ ಒಂದೊಂದೇ ಕತ್ತರಿ ನಿಲ್ಲುತ್ತಿತ್ತು. ನಾಣುವಿನದ್ದೂ ನಿಂತದ್ದುಂಟು. ನಿಲ್ಲದ್ದು ಒಂದೇ, ಅಂಬುವಿನದ್ದು. ಪತ್ರಿಕೆಯಲ್ಲಿ ಎಂಥ ಸಾವಿನ ಸುದ್ದಿ ಬರಲಿ, ಕತೆಯಲ್ಲಿ ಯಾರೇ ಮುಳುಗಲಿ, ಆ ಮೂಲೆಯಿಂದ ಕಚ್, ಕಚ್ ಎಂದು ಎಲೆ ಕತ್ತರಿಸುವ ಸದ್ದು ಬರುತ್ತಲೇ ಇರುತ್ತಿತ್ತು. "ಕೇಳುವ ಕಿವಿ ಬೇರೆ, ದುಡಿಯುವ ಕೈ ಬೇರೆ," ಎಂದು ಅಂಬು ಹೇಳುವುದಿತ್ತು. ಆ ಕತ್ತರಿಯನ್ನು ಒಂದು ಸಲ ನಿಲ್ಲಿಸಬೇಕೆಂಬ ಆಸೆ ಪವಿತ್ರನ್‌ಗೆ. ಬಹುಮಾನ, ಪುಸ್ತಕ, ಹೆಸರು ಎಲ್ಲ ಅದರ ಆಮೇಲೆ.

ಆದರೆ ಅಂಬುವಿನ ಎದುರಿಗೇ ಅವನಿಗೆ ಕೈ ಓಡುತ್ತಿರಲಿಲ್ಲ. ತಾಯಿ ಬರುವುದಿಲ್ಲವೆಂದು ಬರೆಯುವ ಪವಿತ್ರನ್‌ಗೆ ಮೊದಲ ದಿನವೇ ಗೊತ್ತಿತ್ತು. ಹುಡುಗನ ಊಟ ವಿಚಾರಿಸುವ ಈ ಮುದುಕನ ಮುಖ ನೋಡಿಕೊಂಡು ಅದನ್ನು ಓದುವುದು ಹೇಗೆ?

ವಿಷು ಹಬ್ಬ ಕಳೆದ ಮೇಲೆ ಅಂಬು ಶೆಡ್ಡಿಗೆ ಬರಲಿಲ್ಲ. ಸುರುಳಿ ಸುತ್ತಿದ ಅವನ ಚಾಪೆ ಗೋಡೆಗೆ ಒರಗಿಯೇ ಇತ್ತು. ಆಸ್ಪತ್ರೆಯವರು ಎದೆಯ ಫೋಟೋ ತೆಗೆದು, ಇನ್ನು ಮನೆಯಲ್ಲಿ ಆರಾಮವಾಗಿರಲಿ ಎಂದು ಕಳಿಸಿದರಂತೆ. ಹಾಗೆಂದರೆ ಏನು ಅರ್ಥವೆಂದು ಬೀಡಿ ಕಟ್ಟುವವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮತ್ತು ಅದೇ ದಿನಗಳಲ್ಲಿ ಪವಿತ್ರನ್‌ನ ಪೆನ್ನು ಓಡಿತು. ಅಂಬು ಎದುರಿಗಿಲ್ಲದ್ದರಿಂದಲೇ ಓಡಿತು. ಅದು ತಿಳಿದು ಅವನಿಗೆ ನಾಚಿಕೆಯಾಯಿತು, ಆದರೂ ಬರೆದ. ತಾಯಿ ಬರಲಿಲ್ಲ. ದೋಣಿಯವನು ಮುದುಕನಾಗಿ, ದೋಣಿಯ ಹುಟ್ಟನ್ನು ಹುಡುಗನ ಕೈಗೆ ಕೊಟ್ಟ. ಕಾದಂಬರಿ ಮುಗಿಯಿತು.

"ಮುಗೀತು," ಎಂದು ಅವನು ಶೆಡ್ಡಿನಲ್ಲಿ ಹೇಳಿದಾಗ ಯಾರೂ ಮೊದಲು ನಂಬಲಿಲ್ಲ. ಆಮೇಲೆ ಎಲ್ಲರೂ ನಾಣುವಿನ ಮುಖ ನೋಡಿದರು.

"ಒಳ್ಳೇದಾಯ್ತು," ಎಂದ ನಾಣು. "ಕಟ್ಟಿಡು."

"ಓದುದಿಲ್ವಾ?"

"ಅಂಬುವೇಟ್ಟ ಇಲ್ಲದೆ ಹೇಗೆ ಓದುದು? ಒಬ್ಬ ರಜೆ ಹಾಕಿದ್ರೆ ಕತೆ ನಿಲ್ಲಿಸುದು ಮೊದಲಿಂದ ಇದ್ದ ಕಟ್ಟಳೆ ಅಲ್ವಾ? ನಾವು ನಿನಗೆ ಇಷ್ಟು ವರ್ಷ ಕಾದೆವು. ಇನ್ನು ನೀನು ಸ್ವಲ್ಪ ಕಾಯಿ."

ಯಾರೂ ನಗಲಿಲ್ಲ. ಪವಿತ್ರನ್ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ ಪತ್ರಿಕೆ ಕೈಗೆತ್ತಿಕೊಂಡ. ಅಂದು ಓದಿದ ಸುದ್ದಿ ಏನೆಂದು ಅವನಿಗೇ ತಿಳಿಯಲಿಲ್ಲ. ಕಾಯಿಸುವುದು ಎಷ್ಟು ಸುಲಭ, ಕಾಯುವುದು ಎಷ್ಟು ಕಷ್ಟ ಎಂಬುದು ಅವನಿಗೆ ಗೊತ್ತಾಗಲು ಆ ಒಂದು ವಾರವೇ ಸಾಕಾಯಿತು. ಕೊನೆಗೆ ತಡೆಯಲಾರದೆ ಒಂದು ಭಾನುವಾರ ಬೆಳಿಗ್ಗೆ ಹಾಳೆಗಳನ್ನು ಕಂಕುಳಲ್ಲಿಟ್ಟುಕೊಂಡು ಅಂಬುವಿನ ಮನೆಗೆ ಹೋದ.

ಅಂಬುವಿನ ಹೆಂಡತಿ ದೇವು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. "ಬಾ ಬಾ. ನಿನ್ನೆಯಿಂದ ನಿನ್ನದೇ ಜಪ. ಮಾತು ಜಾಸ್ತಿ ಆಡಿಸ್ಬೇಡ, ಉಸಿರು ಹಿಡೀತದೆ."

ಅಂಬು ಜಗಲಿಯಲ್ಲಿ ಗೋಡೆಗೆ ದಿಂಬು ಕೊಟ್ಟು ಕೂತಿದ್ದ. ಮಲಗಿದರೆ ಕೆಮ್ಮು ಬಿಡುತ್ತಿರಲಿಲ್ಲವಂತೆ. ಮೈ ಅರ್ಧಕ್ಕಿಳಿದಿತ್ತು. ಹೆಬ್ಬೆರಳು ತೋರುಬೆರಳು ಮಾತ್ರ ಸುಮ್ಮನಿರದೆ ಹೊದಿಕೆಯ ಅಂಚನ್ನು ಸುರುಳಿ ಸುತ್ತುತ್ತಿದ್ದವು.

"ಮುಗಿಸಿದಿಯಂತೆ?"

"ಹೌದು ಅಂಬುವೇಟ್ಟ. ತಂದಿದ್ದೇನೆ. ಓದ್ತೇನೆ." ಅವನು ಆತುರಾತುರವಾಗಿ ಗಂಟು ಬಿಚ್ಚತೊಡಗಿದ.

"ಕಟ್ಟು, ಕಟ್ಟು." ಅಂಬು ಕೈಯೆತ್ತಿದ. "ನಾನೊಬ್ಬನೇ ಕೇಳುದಾ? ಅದು ಕಳ್ಳತನ. ಅವರೆಲ್ಲ ನಿನ್ನ ಪಾಲು ಕಟ್ಟಲಿಲ್ವಾ? ನಾಣು ಆಟೋ ತರ್ತಾನಂತೆ ಶನಿವಾರ. ನಾನೇ ಬರ್ತೇನೆ." ಇಷ್ಟು ಹೇಳುವಷ್ಟರಲ್ಲಿ ಉಸಿರು ಸಿಕ್ಕಿಕೊಂಡಿತು. ದೇವು ಒಳಗಿಂದ ಇಣುಕಿ ನೋಡಿದಳು. ಪವಿತ್ರನ್ ಬಿಸಿನೀರಿನ ಲೋಟ ಹಿಡಿದುಕೊಂಡು ಕಾದ.

"ಒಂದು ಮಾತ್ರ ಹೇಳು," ಎಂದ ಅಂಬು ಸುಧಾರಿಸಿಕೊಂಡು.

ಪವಿತ್ರನ್ ಲೋಟ ಕೆಳಗಿಟ್ಟ. "ತಾಯಿ..."

"ತಾಯಿದ್ದು ನನಗೆ ಗೊತ್ತುಂಟು. ಬರುದಿಲ್ಲ. ನೀನು ಮೊದಲನೇ ದಿನ ಓದಿದಾಗ್ಲೇ ನಿನ್ನ ಸ್ವರ ಹೇಳ್ತು. ನಾನೇನು ಅವಳನ್ನು ಕಾಯ್ತಾ ಇದ್ದೆ ಅಂತ ಮಾಡಿದಿಯಾ? ಹುಡುಗ ಊಟ ಮಾಡಿದನಾ? ಅಷ್ಟು ಹೇಳು."

ಅಷ್ಟು ವರ್ಷ ತಾನು ಯಾವ ಮಾತನ್ನು ಮುಚ್ಚಿಡಲು ಒದ್ದಾಡಿದೆನೋ ಅದು ಈ ಮನುಷ್ಯನಿಗೆ ಆಗಲೇ ಗೊತ್ತಿತ್ತು. ಕೇಳಿದ್ದನ್ನು ಮಾತ್ರ ತಾನು ಕೊಟ್ಟಿರಲಿಲ್ಲ. ಪವಿತ್ರನ್ ತಂದಿದ್ದ ಅಷ್ಟು ಹಾಳೆಗಳಲ್ಲಿ ಒಂದು ತುತ್ತು ಅನ್ನ ಇರಲಿಲ್ಲ.

"ಮಾಡಿದ," ಎಂದ.

"ಎಂತ ಊಟ?"

"ಗಂಜಿ. ಹೆಸರುಕಾಳಿನ ಪಲ್ಯ. ಸುಟ್ಟ ಒಣಮೀನು."

"ಯಾರು ಹಾಕಿದ್ದು?"

"ದೋಣಿಯವ."

ಅಂಬು ಕಣ್ಣುಮುಚ್ಚಿ ಯೋಚಿಸಿದ. "ಗಂಜಿ ಕುಡಿಲಿಕ್ಕೆ ಹಲಸಿನ ಎಲೆ ಚಮಚದ ಹಾಗೆ ಮಡಚಿ ಕೊಟ್ಟದ್ದು ಯಾರು? ಸಣ್ಣ ಮಗುವಿಗೆ ಎಲೆ ಮಡಚ್ಲಿಕ್ಕೆ ಬರುದಿಲ್ಲ. ಮಡಚಿ, ತೆಂಗಿನ ಕಡ್ಡಿ ಚುಚ್ಚಿ ಕೊಡ್ಬೇಕು. ಇಲ್ಲದಿದ್ರೆ ಗಂಜಿ ಎಲ್ಲ ಮೊಣಕೈಗೆ ಇಳೀತದೆ."

"ಅದನ್ನೂ ದೋಣಿಯವನೇ."

"ಬರೆದಿದ್ದಿಯಾ?"

ಪವಿತ್ರನ್‌ಗೆ ಈಗ ಸುಳ್ಳು ಬಾಯಿಗೆ ಬರಲಿಲ್ಲ. "ಬರೀತೇನೆ," ಎಂದ.

ಅಂಬು ನಕ್ಕ. ಬೈಯಲಿಲ್ಲ. "ನನ್ನ ಅಮ್ಮ ನನ್ನನ್ನು ಶೆಡ್ಡಿಗೆ ನೂಲು ಸುತ್ತಲಿಕ್ಕೆ ಬಿಟ್ಟುಹೋದಳು, ಸಂಜೆಗೆ ಬರ್ತೇನೆ ಅಂತ. ಸಂಜೆ ಬರಲಿಲ್ಲ. ಅವಳ ಮುಖ ಈಗ ನೆನಪಿಲ್ಲ ಮಾರಾಯ. ಮಧ್ಯಾಹ್ನ ಒಬ್ಬ ಗಂಜಿ ಹಾಕಿ ಎಲೆ ಮಡಚಿ ಕೊಟ್ಟ. ಅವನ ಬೆರಳು ನೆನಪುಂಟು. ಹೊಗೆಸೊಪ್ಪಿನ ವಾಸನೆ ಬರ್ತಿತ್ತು." ಮತ್ತೆ ಕೆಮ್ಮು ಬಂತು. ದೇವು ಹೊರಗೆ ಬಂದು ಅವನ ಬೆನ್ನು ನೀವುತ್ತ, ಇನ್ನು ಸಾಕೆಂದು ಪವಿತ್ರನ್‌ಗೆ ಕಣ್ಣಲ್ಲೇ ಹೇಳಿದಳು.

ಮನೆಗೆ ಬಂದು ಅವನು ಊಟಕ್ಕೂ ಏಳದೆ ಆ ಪುಟ ಬರೆದ. ಒಂದು ಅಕ್ಷರ ಹೊಡೆದುಹಾಕಲಿಲ್ಲ. ಅಷ್ಟು ವರ್ಷಗಳಲ್ಲಿ ಒಂದೇ ಉಸಿರಿಗೆ ಬರೆದ ಪುಟ ಅದೊಂದೇ.

ಶನಿವಾರದ ಆಟೋ ಬೇಕಾಗಲಿಲ್ಲ. ಗುರುವಾರ ನಸುಕಿನಲ್ಲೇ ಅಂಬು ಹೋದ. ಶೆಡ್ಡಿನವರೆಲ್ಲ ಹೋಗಿ ಹೆಗಲು ಕೊಟ್ಟರು. ಚಿತೆಯ ಹತ್ತಿರ ನಾಣು ಒಂದು ತೆಂಗಿನ ಮರಕ್ಕೆ ಒರಗಿ ನಿಂತಿದ್ದ. ಅವನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದನ್ನು ಯಾರೂ ನೋಡಿರಲಿಲ್ಲ.

ಸೋಮವಾರ ದೇವು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಅಂಬುವಿನ ಕತ್ತರಿಯನ್ನು ಶೆಡ್ಡಿಗೆ ಕಳಿಸಿದಳು, ಮನೆಯಲ್ಲಿ ಅದನ್ನು ನೋಡಲಾಗುವುದಿಲ್ಲವೆಂದು. ಯಾರೋ ಅಂಬುವಿನ ಚಾಪೆ ಬಿಚ್ಚಿ ಹಾಸಿದರು. ಅದರ ಮೇಲೆ ಮೊರ ಇಟ್ಟು, ಮೊರದಲ್ಲಿ ಕತ್ತರಿ ಇಟ್ಟರು. ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಕೈಗೆ ಎಲೆ ತೆಗೆದುಕೊಂಡ ಮೇಲೆ ನಾಣು, "ಇನ್ನು ಯಾರನ್ನು ಕಾಯುದು? ಓದು," ಎಂದ.

ಪವಿತ್ರನ್ ಓದತೊಡಗಿದ. ಹೊಳೆ ಬಂತು, ಕಡವು ಬಂತು, ಸಂಜೆಯ ಕೊನೆಯ ದೋಣಿ ಬಂತು. ದೋಣಿಯಲ್ಲಿ ತಾಯಿ ಇರಲಿಲ್ಲ. ಕತ್ತರಿಗಳು ನಡೆಯುತ್ತಲೇ ಇದ್ದವು. ಅದು ಎಲ್ಲರೂ ನಿರೀಕ್ಷಿಸಿದ್ದೇ ಆಗಿತ್ತೋ ಏನೋ. ಅವನು ಪುಟ ತಿರುವಿದ. ದೋಣಿಯವನು ಹುಟ್ಟು ಒಳಗಿಟ್ಟು, ಗುಡಿಸಲಿನಿಂದ ಗಂಜಿಯ ಬಟ್ಟಲು ತಂದು ಹುಡುಗನ ಮುಂದಿಟ್ಟ. ಹಲಸಿನ ಮರದಿಂದ ಒಂದು ಎಲೆ ಕಿತ್ತು, ಮಡಚಿ, ತೆಂಗಿನ ಕಡ್ಡಿ ಚುಚ್ಚಿ, ಹುಡುಗನ ಬೆರಳುಗಳ ನಡುವೆ ಸಿಕ್ಕಿಸಿದ.

ಒಂದು ಕತ್ತರಿ ನಿಂತಿತು. ಇನ್ನೊಂದು ನಿಂತಿತು. ಗೋವಿಂದನ ಕೈಯಲ್ಲಿದ್ದ ಎಲೆ ಅರ್ಧ ಕತ್ತರಿಸಿದಲ್ಲೇ ಉಳಿಯಿತು. ನಾಣುವಿನದ್ದೂ ನಿಂತಿತು. ಪವಿತ್ರನ್ ಅಭ್ಯಾಸಬಲದಿಂದ ಆ ಮೂಲೆಯ ಸದ್ದಿಗಾಗಿ ಕಿವಿಗೊಟ್ಟ. ಏನೂ ಕೇಳಲಿಲ್ಲ. ಅವನು ಓದಲು ಕೂತಂದಿನಿಂದ ಶೆಡ್ಡು ಹಾಗೆ ಪೂರ್ತಿ ನಿಶ್ಶಬ್ದವಾದದ್ದೇ ಇರಲಿಲ್ಲ. ಇದಕ್ಕೇ ಅಲ್ಲವೇ ತಾನು ಆಸೆಪಟ್ಟದ್ದು! ಮುಂದಿನ ಸಾಲು ಕಣ್ಣೆದುರಿಗೇ ಇತ್ತು, ಸ್ವರ ಹೊರಡಲಿಲ್ಲ.

ನಾಣು ತನ್ನ ಮೊರವನ್ನು ಪಕ್ಕಕ್ಕಿಟ್ಟು, ಒಂದು ಹಿಡಿ ನೆನೆದ ಎಲೆ ತೆಗೆದುಕೊಂಡು ಎದ್ದ. ಶೆಡ್ಡನ್ನು ದಾಟಿ ಹೋಗಿ ಅಂಬುವಿನ ಚಾಪೆಯ ಮೇಲೆ ಕೂತ. ಮೊರವನ್ನು ಮಡಿಲಿಗೆಳೆದುಕೊಂಡು, ಎಲೆಯೊಂದನ್ನು ತೊಡೆಯ ಮೇಲೆ ಒರೆಸಿ, ಕತ್ತರಿ ಎತ್ತಿಕೊಂಡ.

"ಓದು ಮಾರಾಯ," ಎಂದ, ತಲೆ ಎತ್ತದೆ. "ಗಂಜಿ ಆರ್ತದೆ."

ಆ ಮೂಲೆಯಿಂದ ಕಚ್, ಕಚ್ ಎಂದು ಎಲೆ ಕತ್ತರಿಸುವ ಸದ್ದು ಶುರುವಾಯಿತು. ಪವಿತ್ರನ್ ಹಾಳೆಯನ್ನು ಬೆಳಕಿಗೆ ತಿರುಗಿಸಿ ಹಿಡಿದ. ಹುಡುಗ ಎಲೆಯನ್ನು ಬಟ್ಟಲಿಗೆ ಅದ್ದಿದ.