ಗುನುಗದ ಮೀನು

ಕೊಟ್ಟೂರಿನ ಆ ಖಾಸಗಿ ಕಾಲೇಜಿನಲ್ಲಿ ಒಂದು ರೂಢಿ: ತಪಾಸಣೆಗೆ ಕಮಿಟಿ ಬರುವ ದಿನ ಅತಿಥಿ ಉಪನ್ಯಾಸಕರು ಪಾಠ ಬರೆದುಕೊಡಬೇಕು, ಕಾಯಂ ಆದವರು ಅದನ್ನು ಹೇಳಿ ಭೇಷ್ ಅನ್ನಿಸಿಕೊಳ್ಳಬೇಕು. ಆರು ವರ್ಷದಿಂದ ಪ್ರಿಯಾ ಬರೆದುಕೊಡುತ್ತಿದ್ದಳು, ಜೀವಶಾಸ್ತ್ರದ ಮುಖ್ಯಸ್ಥ ಏಕಾಂತಪ್ಪ ಹೇಳುತ್ತಿದ್ದ. ಇವಳು ಗುಡೇಕೋಟೆಯ ದಲಿತರ ಕೇರಿಯವಳು. ಕಂಡರೆ ಸಿಡಿಮಿಡಿಗೊಳ್ಳಲು ಅವನಿಗೆ ಅಷ್ಟೇ ಸಾಕಾಗಿತ್ತು.

ಈ ಸಲದ ಪಾಠ ಗುನುಗುವ ಮೀನು. ಅಮೆರಿಕದ ಕಡಲದಂಡೆಯದು. ದೊಡ್ಡ ಗಂಡು ಕಲ್ಲಿನಡಿ ಗೂಡು ಮಾಡಿ, ಗುಂಯ್ ಎಂದು ಗುನುಗಿ ಹೆಣ್ಣನ್ನು ಕರೆಯುತ್ತದೆ, ಮೊಟ್ಟೆ ಕಾಯುತ್ತದೆ. ಎರಡನೆಯ ಹಾಳೆಯಲ್ಲಿ ಗುನುಗದ ಸಣ್ಣ ಗಂಡಿನ ವಿಷಯವಿತ್ತು. ಅದರಲ್ಲಿ ‘ವೃಷಣ’ ಎಂಬ ಶಬ್ದ ಕಂಡದ್ದೇ ತಡ, ಏಕಾಂತಪ್ಪ ಹಾಳೆಯನ್ನು ಪರ್ರನೆ ಹರಿದ.

“ಹೆಣ್ಮಕ್ಕಳ ಮುಂದ ಇಂಥಾದ್ದು ಹೇಳ್ತಾರೇನು? ಮರ್ಯಾದಸ್ತರ ಮನಿ ಮಕ್ಕಳು ಬರ್ತಾರ ಇಲ್ಲಿ.”

“ಪಾಠದ ಜೀವಾನ ಅದ್ರಾಗ ಐತ್ರಿ ಸರ್.”

“ಮುಂದಿನ ವರ್ಷ ನಿನ್ನ ಕೆಲಸದ ಆರ್ಡರಿಗೆ ಸಹಿ ಹಾಕಾಂವ ನಾನು. ನಾಳಿ ಹಿಂದಿನ ಬೆಂಚಿನ್ಯಾಗ ಸುಮ್ಮನ ಕುಂದ್ರು.”

ಮರುದಿನ ಹಿಂದಿನ ಬೆಂಚಿನಲ್ಲಿ ಕೂತಳು. ಈ ಕೆಲಸ ಹೋದರೆ ಅವಳಿಗೆ ಬೇರೆ ಇರಲಿಲ್ಲ.

ಏಕಾಂತಪ್ಪ ಆ ದೊಡ್ಡ ಗಂಡು ಮೀನನ್ನು ತನ್ನ ಮುತ್ತಜ್ಜನೇನೋ ಎಂಬಂತೆ ಹೊಗಳಿದ. ಕಮಿಟಿಯ ಗಂಗಾಂಬಿಕಾ ಮೇಡಂ ಕೇಳಿದರು: “ಗುನುಗದ ಸಣ್ಣ ಗಂಡೂ ಇರ್ತಾವಲ್ರಿ? ಅವುಗಳ ವಂಶ ಹೆಂಗ ಉಳಿತೈತಿ?”

ಏಕಾಂತಪ್ಪ ಆ ಹಾಳೆಯನ್ನು ಪೂರ್ತಿ ಓದಿರಲೇ ಇಲ್ಲ. ಹಿಂದಿನ ಬೆಂಚಿನತ್ತ ನೋಡಿ ನಕ್ಕ. “ಅವು ಹುಟ್ಟಾ ಕೀಳು ಮೇಡಂ. ಅಂಥವಕ್ಕ ವಂಶ ಎಲ್ಲೀದು?”

ಹರಿದುಹೋದ ಆ ಹಾಳೆ ಪ್ರಿಯಾಳಿಗೆ ಬಾಯಿಪಾಠವಿತ್ತು. ಹಸಿ ಸುಳ್ಳು! ಸಣ್ಣ ಗಂಡು ಬೇಗ ಪ್ರಾಯಕ್ಕೆ ಬರುತ್ತದೆ. ಮೈಗೆ ಹೋಲಿಸಿದರೆ ಅದರ ವೃಷಣ ದೊಡ್ಡ ಗಂಡಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹೆಣ್ಣಿನ ಸೋಗಿನಲ್ಲಿ ಗೂಡಿಗೆ ನುಸುಳಿ ವೀರ್ಯ ಬಿಟ್ಟು ಹೋಗುತ್ತದೆ. ದೊಡ್ಡದು ಹಸಿದುಕೊಂಡು ಕೂತು ಅದರ ಮರಿಗಳನ್ನೂ ಕಾಯುತ್ತದೆ.

ಮೇಡಂ ಹುಬ್ಬು ಗಂಟಿಕ್ಕಿದರು. “ಉತ್ತರ ತಪ್ಪೈತಿ. ಹಿಂದ ಕೂತವರು, ನೀವೂ ಇದ ವಿಭಾಗದವರಲ್ರಿ? ನಿಮಗ ಗೊತ್ತೈತೇನು?”

ಏಕಾಂತಪ್ಪ ಅವಳಿಗೆ ಏಳುವಂತೆ ಕೈಸನ್ನೆ ಮಾಡಿದ. “ಹೇಳ್ರಿ ಪ್ರಿಯಾ ಮೇಡಂ, ಹೇಳ್ರಿ.”

ಉತ್ತರ ಹೇಳಿದರೆ ವಿಭಾಗದ ಜೊತೆಗೆ ಅವನ ಮಾನವೂ ಉಳಿಯುತ್ತದೆ, ಸಂಜೆಯೊಳಗೆ ತನ್ನ ಆರ್ಡರೂ ಕೈಗೆ ಬರುತ್ತದೆ. ಪ್ರಿಯಾ ಎದ್ದು ನಿಂತಳು.

“ಗೊತ್ತೈತ್ರಿ ಮೇಡಂ. ಈ ಪಾಠ ಬರದಾಕಿನ ನಾನು. ನೀವು ಕೇಳಿದ ಹಾಳಿ ಸರ್ ನಿನ್ನಿ ಹರಿದು ಒಗದಾರ. ಯಾಕಂತ ಅವರನ್ನ ಕೇಳ್ರಿ.”

ಚೀಲ ಹೆಗಲಿಗೇರಿಸಿಕೊಂಡಳು. ಇನ್ನು ಸಂಜೆಯವರೆಗೆ ಕಾಯುವಂಥದ್ದೇನೂ ಅಲ್ಲಿರಲಿಲ್ಲ.