ಮೊಳೆ ನೋಡಿ ಬರೆದ ನಾಲ್ಕು

ತಂತಿಯ ಮೇಲಿನ ಹನಿ ಇನ್ನೂ ಬೀಳುತ್ತಿಲ್ಲ, ದುಂಡಗಾಗುತ್ತಿದೆ, ಉದ್ದವಾಗುತ್ತಿದೆ, ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ಹಿಂದಕ್ಕೆ ಸರಿದು ತಂತಿಯನ್ನೇ ಅಂಟಿಕೊಳ್ಳುತ್ತಿದೆ, ಹಟಮಾರಿ, ಥೇಟ್ ನನ್ನ ಮಗಳೇ — ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು ನಗುವುದು ಕಷ್ಟ, ಆದರೂ ನಗು ಬರುತ್ತಿದೆ, ಹತ್ತೂವರೆಯ ಬಿಸಿಲು, ಒದ್ದೆ ದಿಂಬಿನ ಚೀಲದ ಸೋಪಿನ ವಾಸನೆ, ಹನ್ನೊಂದಕ್ಕೆ ವಿಚಾರಣೆಯ ಮೇಡಂ ಫೋನು ಮಾಡುತ್ತಾರೆ, ನನ್ನ ಕೆಲಸ ಉಳಿಯಿತೋ ಹೋಯಿತೋ ಹೇಳುತ್ತಾರೆ, ನಾನು ನೋಡಿದರೆ ಇಲ್ಲಿ ಹನಿ ಕಾಯುತ್ತ ನಿಂತಿದ್ದೇನೆ. ಅತ್ತೆ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತ, ಕೆಲಸ ಹೋಗೋ ಹೊತ್ತಲ್ಲಿ ಇವಳ ಮುಖ ನೋಡು, ಮದುವೆ ದಿನಾನೂ ಇಷ್ಟು ಹೊಳೀತಿರ್ಲಿಲ್ಲ. ಅವತ್ತು ಎದುರಿಗೆ ನೀವು ಕೂತಿದ್ರಲ್ಲ ಅತ್ತೆ, ಭಯ ಆಗಿತ್ತು. ಹೂಂ, ಆ ಭಯ ಇವತ್ತು ಎಲ್ಲಿ ಹೋಯ್ತೋ. ಎಲ್ಲಿ ಹೋಯಿತು ನಿಜವಾಗಿಯೂ, ಒಂದು ವಾರದಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ, ರಾತ್ರಿ ಹಾಸಿಗೆಗೆ ತಲೆ ಕೊಟ್ಟರೆ ಬೆಳಗ್ಗೆಯೇ ಎಚ್ಚರ. ಬಕೆಟ್ಟಿನ ಪಕ್ಕ ಮಗಳು ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದಾಳೆ, ಆಕ್ಟೋಪಸ್‌ಗೆ ಮೂರು ಹೃದಯ ಇರುತ್ತವೆ, ಅಮ್ಮ ಕೇಳಿಸಿಕೊಂಡ್ಯಾ, ಮೂರು. ಕೇಳಿಸಿತು ಕಂದಾ, ನನಗಿರುವುದು ಒಂದೇ, ಅದೂ ಹನ್ನೊಂದು ಗಂಟೆಯ ಕಡೆಗೆ ಓಡುತ್ತಿದೆ.

ದಿನಕ್ಕೆ ಹತ್ತು ನಿಮಿಷ ಮಗು ಓದಬೇಕು, ಅಮ್ಮ ಕೇಳಬೇಕು, ಕೇಳಿದ್ದೇನೆ ಅಂತ ಚೀಟಿಯಲ್ಲಿ ಸಹಿ ಹಾಕಬೇಕು, ಸ್ಕೂಲಿನವರ ನಿಯಮ, ನಾನು ಮಾತ್ರ ವಾರಕ್ಕೊಮ್ಮೆ ಒಗ್ಗರಣೆ ಹಾಕಿದ ಹಾಗೆ ಏಳೂ ಸಹಿ ಒಟ್ಟಿಗೆ ಹಾಕುತ್ತಿದ್ದೆ, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪೆನ್ನು. ಅವತ್ತು, ಬಹುಮಾನದ ದಿನ ಬೆಳಗ್ಗೆ, ಇವಳು ಕೈ ಹಿಡಿದು ನಿಲ್ಲಿಸಿದಳು, ಅಮ್ಮ, ಎಲ್ಲಾ ಒಂದೇ ಪೆನ್ನಲ್ಲಿ ಹಾಕ್ಬೇಡ, ಟೀಚರ್‌ಗೆ ಗೊತ್ತಾಗತ್ತೆ, ತಗೋ ನೀಲಿ, ತಗೋ ಕಪ್ಪು. ಎಂಟು ವರ್ಷ. ನಾನು ನಕ್ಕೆ, ಹಾಕಿಯೂ ಬಿಟ್ಟೆ, ಮೂರು ನೀಲಿ ನಾಲ್ಕು ಕಪ್ಪು, ಬಸ್ಸಿನಲ್ಲಿ ಕೂತ ಮೇಲೆ ಆ ಪೆನ್ನು ಎದೆಗೆ ಚುಚ್ಚಿಕೊಂಡಿತು, ಯಾಕೆಂದರೆ ನನ್ನ ಕೆಲಸದ ಕೋಟಿನ ಜೇಬಿನಲ್ಲೂ ಎರಡು ಪೆನ್ನಿದ್ದವು, ಒಂದು ನೀಲಿ, ಒಂದು ಕಪ್ಪು.

ಔಷಧಿ ಕಂಪನಿಯ ಉಗ್ರಾಣ, ಒಳಗೆ ತಣ್ಣನೆಯ ಕೋಣೆ, ಅದರಲ್ಲಿ ಮಕ್ಕಳ ಚುಚ್ಚುಮದ್ದು, ಗಾಜಿನ ಕಿಂಡಿಯಲ್ಲಿ ಇಣುಕಿ ಗೋಡೆಯ ಥರ್ಮಾಮೀಟರ್ ನೋಡುವುದು, ಎರಡು ಗಂಟೆಗೊಮ್ಮೆ ರಿಜಿಸ್ಟರಿನಲ್ಲಿ ಬರೆಯುವುದು, ಹತ್ತು ವರ್ಷದಿಂದ ಅದೇ, ನಾಲ್ಕು ಡಿಗ್ರಿ, ನಾಲ್ಕು, ನಾಲ್ಕು, ಎಲ್ಲರ ಬಾಯಲ್ಲೂ ನಾನು ನಾಲ್ಕು ಡಿಗ್ರಿ ಅಕ್ಕ. ಎರಡು ತಿಂಗಳ ಹಿಂದೆ ಆ ಥರ್ಮಾಮೀಟರು ಸರಿಯಾಗಿ ತೋರಿಸುತ್ತದೆಯೋ ಇಲ್ಲವೋ ಪರೀಕ್ಷೆ ಮಾಡಲು ಬಿಚ್ಚಿಕೊಂಡು ಹೋದರು, ಮಂಗಳವಾರ ಹೋದದ್ದು ಶುಕ್ರವಾರ ಬಂತು, ಬದಲಿಗೆ ಇನ್ನೊಂದು ಹಾಕಲು ಯಾರಿಗೂ ನೆನಪಾಗಲಿಲ್ಲ, ಗೋಡೆಯ ಮೇಲೆ ಉಳಿದದ್ದು ಮೊಳೆ. ನಾನು ಇಣುಕಿದೆ, ಮೊಳೆ ನೋಡಿದೆ, ನಾಲ್ಕು ಅಂತ ಬರೆದೆ. ಮರೆತಲ್ಲ. ಖಾಲಿ ಬಿಟ್ಟರೆ ಯಾಕೆ ಅಂತ ಕೇಳುತ್ತಾರೆ, ನಾಲ್ಕು ಬರೆದರೆ ಯಾರೂ ಕೇಳುವುದಿಲ್ಲ, ಅದಕ್ಕೆ. ಬುಧವಾರ ಒಮ್ಮೆ ನಾಲ್ಕು ಪಾಯಿಂಟ್ ಎರಡು ಅಂತಲೂ ಬರೆದೆ, ನಿಜ ಅನ್ನಿಸಲಿ ಅಂತ, ಮೊಳೆಗೆ ಪಾಯಿಂಟ್ ಎರಡು, ಎಷ್ಟು ಅಚ್ಚುಕಟ್ಟು ನಾನು. ಆಮೇಲೆ ಪಾಳಿ ಬದಲಾಗಿ ಬಂದ ಮೀಸೆಯವರೂ ಬರೆದರು, ಅವರೂ ನಾಲ್ಕೇ, ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ರಿಜಿಸ್ಟರಿನ ಒಂದು ಮನೆ ಖಾಲಿ ಬಿಟ್ಟ ಮನುಷ್ಯನಲ್ಲ.

ಕಂಪನಿಯಲ್ಲಿ ಪ್ರಾಮಾಣಿಕತೆಯ ವಾರ ಅಂತ ಮಾಡಿದರು, ಗೋಡೆ ತುಂಬ ಪೋಸ್ಟರು, ಪ್ರತಿಜ್ಞೆ, ಕ್ವಿಜ್ಜು, ಕೊನೆಗೆ ಅತ್ಯುತ್ತಮ ರಿಜಿಸ್ಟರಿಗೆ ಬಹುಮಾನ, ಬಹುಮಾನ ನನಗೇ, ಒಂದು ಸ್ಟೀಲ್ ಫ್ಲಾಸ್ಕು. ವೇದಿಕೆಗೆ ಹತ್ತಿದರೆ ಹಿಂದಿನ ಪರದೆಯ ಮೇಲೆ ನನ್ನ ಅಕ್ಷರ, ಆಳೆತ್ತರ, ಎಲ್ಲ ಬಿಟ್ಟು ಅದೇ ಪುಟ, ಅದೇ ಬುಧವಾರ, ಮ್ಯಾನೇಜರ್ ಕೋಲು ಹಿಡಿದು ತೋರಿಸುತ್ತಿದ್ದಾರೆ, ನೋಡಿ, ಪಾಯಿಂಟ್ ಎರಡನ್ನೂ ಬಿಟ್ಟಿಲ್ಲ ನಮ್ಮಕ್ಕ, ಇದಪ್ಪ ನಿಷ್ಠೆ ಅಂದ್ರೆ, ಅಕ್ಕಾ ಎರಡು ಮಾತಾಡಿ. ಮೈಕು ತಣ್ಣಗಿತ್ತು. ಮಗಳ ಪುಟ್ಟ ಬೆರಳು, ತಗೋ ನೀಲಿ, ತಗೋ ಕಪ್ಪು. ಸರ್, ಅವತ್ತು ಗೋಡೆ ಮೇಲೆ ಥರ್ಮಾಮೀಟರೇ ಇರ್ಲಿಲ್ಲ, ನಾನು ಮೊಳೆ ನೋಡಿ ಬರೆದಿದ್ದು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಇಡೀ ಹಾಲು ನಕ್ಕಿತು, ಮ್ಯಾನೇಜರ್ ಮಾತ್ರ ಬೆವರು ಒರೆಸಿಕೊಳ್ಳುತ್ತ, ಅಕ್ಕಾ, ಆ ಮೈಕ್ ಇಲ್ಲಿ ಕೊಡಿ. ಮೆಟ್ಟಿಲಿಳಿಯುವಾಗ ಮೀಸೆಯವರು, ನಿಮ್ಮ ಬಾಯಿಗೆ ಬೀಗ ಇಲ್ವೇನಕ್ಕ, ನನ್ನ ರಿಟೈರ್ಮೆಂಟಿಗೆ ಇನ್ನು ಎರಡು ವರ್ಷ ಇತ್ತಲ್ರೀ. ಅದೊಂದೇ ಮುಳ್ಳು. ಮದ್ದನ್ನೆಲ್ಲ ತಡೆಹಿಡಿದು ಪರೀಕ್ಷೆಗೆ ಕಳಿಸಿದರು, ಕೆಟ್ಟಿರಲಿಲ್ಲ, ಅದು ನಮ್ಮ ಪುಣ್ಯ, ನಮ್ಮ ಕೆಲಸವಲ್ಲ. ನನ್ನನ್ನು ಮನೆಯಲ್ಲಿರಿ ಅಂದರು, ವಿಚಾರಣೆ ಮುಗಿಯುವ ತನಕ, ಪಾಳಿಗೆ ಜನ ಬೇಕಲ್ಲ, ಮೀಸೆಯವರನ್ನು ಮಾತ್ರ ಕೆಲಸದಲ್ಲೇ ಇರಿಸಿಕೊಂಡರು.

ಅಮ್ಮಾ ಫೋನು — ಒದ್ದೆ ಕೈ, ಸೆರಗಿಗೆ ಒರೆಸಿಕೊಂಡು, ಅತ್ತೆಯ ಬಟಾಣಿಯ ಬುಟ್ಟಿ ದಾಟಿ, ಹಲೋ ಮೇಡಂ. ಸೋಮವಾರ ಬನ್ನಿ ಅಂದರು. ಇನ್ನೊಂದು ಸಲ ಹೇಳಿ ಮೇಡಂ. ಸೋಮವಾರ ಬನ್ರೀ, ಎಚ್ಚರಿಕೆ ಪತ್ರ ಇದೆ, ಸಹಿ ಹಾಕ್ಬೇಕು, ಫ್ಲಾಸ್ಕ್ ವಾಪಸ್ ಕೊಡ್ಬೇಕು. ಅದರಲ್ಲಿ ನಮ್ಮತ್ತೆ ಕಾಫಿ ಹಾಕಿಟ್ಟಿದಾರಲ್ಲ ಮೇಡಂ. ಕುಡಿದು ತೊಳೆದು ತನ್ನಿ. ನಗುತ್ತಿದ್ದರು, ಕಟ್ಟುನಿಟ್ಟಿನ ಮೇಡಂ, ನಗುತ್ತಿದ್ದರು. ಮತ್ತೆ ಮೀಸೆಯವರು ಮೇಡಂ, ಅವರ ಗತಿ. ಅವರಿಗೂ ನಿಮಗೆ ಕೊಟ್ಟಿರೋ ಪತ್ರಾನೇ, ಕೆಲಸಕ್ಕೇನಾಗಲ್ಲ, ಅಂದಹಾಗೆ ಈ ಬುಧವಾರದಿಂದ ರಿಜಿಸ್ಟರಲ್ಲಿ ಒಂದು ಹೊಸ ನಿಯಮ, ನೋಡದಿದ್ರೆ ನೋಡಲಿಲ್ಲ ಅಂತಾನೇ ಬರೀಬಹುದು, ಬರೆದವರನ್ನ ಯಾರೂ ಬೈಯೋ ಹಾಗಿಲ್ಲ, ಎರಡು ದಿನ ಒಬ್ಬರೂ ಬರೀಲಿಲ್ಲ, ನಿನ್ನೆ ಮಧ್ಯಾಹ್ನ ನಿಮ್ಮ ಮೀಸೆಯವರು ಬರೆದ್ರು, ಫೋಟೋ ಕಳಿಸ್ತೀನಿ ನೋಡಿ. ಅತ್ತೆ, ಏನಂತೆ, ಬಾಯಿ ಬಿಡೇ. ಸೋಮವಾರದಿಂದ ನಿಮ್ಮ ಟಿಫನ್ ನೀವೇ ಮಾಡ್ಕೋಬೇಕು ಅತ್ತೆ. ಅಯ್ಯೋ ಶನಿ ಅನ್ನುತ್ತ ನನ್ನ ತಲೆಗೊಂದು ಬಟಾಣಿ, ಮಗಳು ಕುಣಿಯುತ್ತಿದ್ದಾಳೆ, ಹತ್ತು ನಿಮಿಷ ಆಯ್ತು ಅಮ್ಮ, ಸಹಿ. ಒಂದೇ ಹಾಕ್ತೀನಿ, ಇವತ್ತಿಂದು ಮಾತ್ರ. ಫೋಟೋ ಬಂತು, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಬೇಕು, ನಾಲ್ಕು, ನಾಲ್ಕು, ನಾಲ್ಕೂವರೆ, ಅವುಗಳ ನಡುವೆ ಎರಡು ಗಂಟೆಯ ಮನೆ, ಅದರಲ್ಲಿ ಅಂಕಿ ಇಲ್ಲ, ಮೀಸೆಯವರ ದಪ್ಪ ಕೈಬರಹ, ಮನೆಯಲ್ಲಿ ಹಿಡಿಸದೆ ಗೆರೆ ದಾಟಿ ಪಕ್ಕದ ಮನೆಗೆ ಕಾಲು ಚಾಚಿದೆ, ನೋಡಲಿಲ್ಲ, ಊಟ ಮಾಡುತ್ತಿದ್ದೆ — ಇಪ್ಪತ್ತೆರಡು ವರ್ಷ, ಎರಡು ಗಂಟೆಯ ಮನೆ, ಗೆರೆ ದಾಟಿದ ಅಕ್ಷರ, ಊಟ ಮಾಡುತ್ತಿದ್ದರಂತೆ, ಕೆಳಗೆ ಮ್ಯಾನೇಜರ್ ಸಹಿ, ಮೇಲೆ ನೋಡಲಿಲ್ಲ, ಗೆರೆ ದಾಟಿ, ನೋಡಲಿಲ್ಲ